ವಾಯನ್‌ನ ಅಂಗಳದ ನಾಲ್ಕು ಕೋಣೆಗಳು

ಎರಡು ಸಾವಿರದ ಮೂರನೆಯ ಇಸವಿಯ ಜುಲೈಯಲ್ಲಿ ನಾವು ಮೂವರು ಹೀಥ್ರೂದಿಂದ ಬಾಲಿಗೆ ಹೊರಟೆವು. ನನ್ನ ಗಂಡನ ಅಣ್ಣ ಸುಧಾಕರ ಭಾವ, ಅವರ ಹೆಂಡತಿ ಶಾಂತಕ್ಕ, ಮತ್ತು ನಾನು. ಸಿಂಗಪುರದಲ್ಲಿ ವಿಮಾನ ಬದಲಿಸಿ ಹೋಗಿಬರಲು ತಲೆಗೆ ಐನೂರು ಪೌಂಡಿಗೂ ಕಡಿಮೆ ಬಿತ್ತು. ಹಿಂದಿನ ವರ್ಷ ಅಲ್ಲಿಯ ಕಡಲತೀರದಲ್ಲಿ ಬಾಂಬು ಸಿಡಿದು ಬಹಳ ಜನ ಸತ್ತಿದ್ದರು. ಆಮೇಲೆ ಅತ್ತ ಹೋಗುವವರೇ ಇರಲಿಲ್ಲವಾದ್ದರಿಂದ ಟಿಕೆಟ್ ಅಗ್ಗವಾಗಿತ್ತು.

ಭಾವನಿಗೆ ಲಂಡನ್ನಿನ ಕೆಂಟನ್‌ನಲ್ಲಿ ಒಂದು ಹೋಟೆಲಿದೆ. ಕುಂದಾಪುರ, ಉಡುಪಿ ಕಡೆಯವರೆಲ್ಲ ಭಾನುವಾರ ಅಲ್ಲಿ ಸೇರುತ್ತಾರೆ. ದೋಸೆ ಬರುವಷ್ಟರಲ್ಲಿ ಭಾವ ಅವರಿಗೆ ಬಾಲಿಯಲ್ಲಿ ತಾನು ಮೋಸಹೋದ ಕಥೆ ಹೇಳುತ್ತಾರೆ. ಹಿಂದೂಗಳೇ ಹಿಂದೂವಿನ ಕೈ ಕಡಿದರು ಎಂದು ಮುಗಿಸುತ್ತಾರೆ. ಆ ಪ್ರಯಾಣದಲ್ಲಿ ನಾನೂ ಇದ್ದೆ. ನಾನು ಕಂಡದ್ದು ಬೇರೆ, ಆದ್ದರಿಂದ ಬರೆಯುತ್ತಿದ್ದೇನೆ. ಆ ಹಳ್ಳಿಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಅಲ್ಲೇ ಬದುಕಬೇಕು.

ಭಾವ ತೊಂಬತ್ತರ ದಶಕದ ನಡುವೆ ಒಮ್ಮೆ ರಜೆಗೆಂದು ಬಾಲಿಗೆ ಹೋಗಿದ್ದರು. ಮನೆಮನೆಯಲ್ಲಿ ದೇವರ ಗುಡಿ, ಹೊಸ್ತಿಲಲ್ಲಿ ಹೂವು, ಸುತ್ತ ಗದ್ದೆ. ಕಂಡು ಮರುಳಾದರು. ಅವರನ್ನು ಕಾರಿನಲ್ಲಿ ಸುತ್ತಿಸಿದ ಚಾಲಕ ವಾಯನ್ ತನ್ನ ಹಳ್ಳಿಗೆ ಕರೆದೊಯ್ದ. ಅವನ ಮನೆಯ ಅಂಗಳದಲ್ಲೇ ಪ್ರವಾಸಿಗಳಿಗೆಂದು ನಾಲ್ಕು ಕೋಣೆ ಕಟ್ಟುವುದು, ಇಪ್ಪತ್ತು ವರ್ಷದ ಲೀಸು, ದುಡ್ಡು ಭಾವನದು, ನೋಡಿಕೊಳ್ಳುವುದು ವಾಯನ್. ಹೀಗೆ ಮಾತಾಯಿತು. ಬಾಂಬಿನ ನಂತರ ಕೋಣೆಗಳು ಖಾಲಿ ಬಿದ್ದಾಗ ಲೀಸನ್ನು ಬೇರೆಯವರಿಗೆ ದಾಟಿಸಿ ಕೈತೊಳೆದುಕೊಳ್ಳೋಣ ಎಂದು ಭಾವ ಹೊರಟರು.

"ಸುಮತಿ, ನೀನೂ ಬಪ್ಪುದೇ" ಎಂದರು. "ಈ ಬಾಡ್ಗಿ, ಲೀಸು, ಟೆನೆಂಟು ಎಲ್ಲ ನಿಂಗೆ ಗೊತ್ತಿತ್. ಟಿಕೆಟ್ ನಾನ್ ತೆಗೀತೆ."

"ರಜೆ ಅಂದೇಳಿ ಕರ್ಕಂಡ್ ಹೋಪುದ್, ಆಫೀಸ್ ಕೆಲ್ಸ ಮಾಡ್ಸುದ್" ಎಂದು ಶಾಂತಕ್ಕ ಒಳಗಿನಿಂದಲೇ ಹೇಳಿದರು. "ನನ್ನನ್ನೂ ಹೀಂಗೇ ಮದ್ವಿ ಆದ್ದ್ ಇವ್ರ್. ಇನ್ನೂ ದೋಸೆ ಹಿಟ್ಟು ರುಬ್ತಾ ಇದ್ದೆ."

ನಾನು ಕ್ರೋಯ್ಡನ್ ಕೌನ್ಸಿಲಿನ ವಸತಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನನ್ನಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಲಂಡನ್ನಿಗೆ ಬಂದ ಮೇಲೆ ಆ ಡಿಗ್ರಿಗೆ ಇಲ್ಲಿ ಬೆಲೆಯಿಲ್ಲ ಎಂದರು. ಹಗಲು ಅಂಗಡಿಯ ಗಲ್ಲೆಯಲ್ಲಿ ಕೂತು ಸಂಜೆ ಮತ್ತೆ ಓದಿದೆ. ಗಿಟ್ಟಿಸಿದ ಕೆಲಸ ಅದು, ಯಾರೂ ಕೊಟ್ಟದ್ದಲ್ಲ. ನಮ್ಮ ಮನೆ ಬೇರೆಯವರ ಜಾಗದಲ್ಲಿತ್ತು. ಧಣಿಗಳ ಮನೆಯಲ್ಲಿ ಮದುವೆ, ತಿಥಿ ಏನಾದರೂ ಬಂದರೆ ಅಮ್ಮ ನಮ್ಮನ್ನು ಬಿಟ್ಟು ಅಲ್ಲಿ ಅಂಗಳ ಗುಡಿಸಲು, ಪಾತ್ರೆ ಬೆಳಗಲು ಹೋಗಬೇಕಿತ್ತು. ಕೂಲಿ ಇಲ್ಲ. ಹೋಗದಿದ್ದರೆ ಮನೆ ಇಲ್ಲ. ಬಾಡಿಗೆ ಕಾನೂನು ನನಗೆ ಹೊಟ್ಟೆಪಾಡಿಗಾಗಿ ಕಲಿತ ವಿಷಯ ಮಾತ್ರ ಅಲ್ಲ.

ವಿಮಾನ ನಿಲ್ದಾಣದಲ್ಲಿ ಇಳಿದವರಿಗಿಂತ ಕರೆದೊಯ್ಯಲು ಬಂದವರೇ ಹೆಚ್ಚಿದ್ದರು. ನಮ್ಮ ಹೆಸರು ಬರೆದ ರಟ್ಟು ಹಿಡಿದು ನಿಂತವನು ವಾಯನ್ ಅಲ್ಲ, ಪಕ್ಕದೂರಿನ ಒಬ್ಬ ಬಾಡಿಗೆ ಚಾಲಕ. ವಾಯನ್ ಯಾಕೆ ಬರಲಿಲ್ಲ ಎಂದು ಕೇಳಿದರೆ "ಮನೆಯಲ್ಲಿ ಕಷ್ಟ ಇದೆ" ಎಂದಷ್ಟೇ ಹೇಳಿದ.

"ಹೋದ ಶನಿವಾರ ಹೋಟೆಲಿಗೆ ಫೋನ್ ಮಾಡಿದ್ದ" ಎಂದರು ಭಾವ. "ಗಿರಾಕಿ ತುಂಬಿದ್ರ್. ಹೆಂಗೂ ಬತ್ತಾ ಇದ್ದೆ, ಬಂದಾಗ ಮಾತಾಡ್ವ ಅಂದೆ. ದುಡ್ಡು ಕೇಂಬುಕೇ ಆಯ್ಕ್."

ಹಳ್ಳಿಗೆ ಎರಡೂವರೆ ತಾಸಿನ ದಾರಿ. ಮೊದಲು ಕಡಲತೀರದ ಹೋಟೆಲುಗಳು, ಮುಚ್ಚಿದ ಅಂಗಡಿಗಳು, ಬಿಸಿಲಿಗೆ ಬಣ್ಣ ಕಳೆದುಕೊಂಡ ಜಾಹೀರಾತುಗಳು. ಆಮೇಲೆ ರಸ್ತೆ ಏರತೊಡಗಿತು. ಮೆಟ್ಟಿಲು ಗದ್ದೆ, ತೆಂಗು, ಲವಂಗದ ಮರಗಳು. ರಸ್ತೆಯ ಪಕ್ಕದಲ್ಲಿ ಚಾಪೆ ಹಾಸಿ ಲವಂಗ ಒಣಗಿಸಿದ್ದರು. ಕಿಟಕಿ ತೆರೆದರೆ ಅದೇ ಪರಿಮಳ. ಬೆಟ್ಟದ ಗಾಳಿಗೆ ಶಾಂತಕ್ಕ ಕಾರ್ಡಿಗನ್ ಹಾಕಿಕೊಂಡರು. ದಾರಿಯಲ್ಲಿ ಬಾಳೆಲೆಯಲ್ಲಿ ಅನ್ನ, ಹುರಿದ ಸೊಪ್ಪು, ಖಾರದ ಚಟ್ನಿ ತಿಂದೆವು. ಮೂವರಿಗೂ ಸೇರಿ ಒಂದು ಪೌಂಡಿನೊಳಗೆ ಮುಗಿಯಿತು.

ಊರಿನ ಬಾಗಿಲಲ್ಲಿ ಕಪ್ಪು ಬಿಳಿ ಚೌಕಳಿ ಬಟ್ಟೆ ಸುತ್ತಿದ ನಾಲ್ವರು ಕಾರನ್ನು ತಡೆದರು. ಬಾಂಬಿನ ನಂತರ ಪ್ರತಿ ಊರೂ ಹೀಗೆ ತನ್ನ ಕಾವಲನ್ನು ತಾನೇ ಇಟ್ಟಿದೆ, ಮನೆಗೊಬ್ಬರಂತೆ ಸರದಿ, ಸಂಬಳವಿಲ್ಲ ಎಂದು ಚಾಲಕ ಹೇಳಿದ. ನಮ್ಮ ಚೀಲ ಬಿಚ್ಚಿಸಿದರು. ಭಾವನ ಪರಿಚಯ ಅವರಿಗಿತ್ತು. ಆದರೂ ಯಾರೂ ನಗಲಿಲ್ಲ.

"ಕಾವಲು ಕಾಯ್ತ್ರ್, ಒಳ್ಳೇದೇ" ಎಂದರು ಭಾವ. "ನಮ್ಮ ಗೆಸ್ಟ್‌ಗಳಿಗೂ ಧೈರ್ಯ."

ಸ್ವಲ್ಪ ಮುಂದೆ ಊರಿನ ಸಭೆಯ ಚಾವಡಿ ಸಿಕ್ಕಿತು. ಗೋಡೆಯಿಲ್ಲದ ದೊಡ್ಡ ಚಾವಡಿ. ಅದರ ಮೂಲೆಯ ಗೋಪುರದಲ್ಲಿ ಟೊಳ್ಳು ಮಾಡಿದ ಮರದ ದಿಮ್ಮಿ ನೇತಾಡುತ್ತಿತ್ತು. ಅದನ್ನು ಬಡಿದರೆ ಊರೆಲ್ಲ ಸೇರಬೇಕು. ಚಾವಡಿಯ ನಾಲ್ಕೂ ದಿಕ್ಕಿಗೆ ಟ್ಯೂಬ್‌ಲೈಟ್ ಇತ್ತು. ಹತ್ತಿರ ಹೋದಾಗ ನನಗೆ ನಗು ತಡೆಯಲಾಗಲಿಲ್ಲ. ಪ್ರತಿ ಟ್ಯೂಬಿನ ಮೇಲೂ ಕೆಂಪು ಬಣ್ಣದಲ್ಲಿ ಭಾವನ ಹೆಸರು, ಅಕ್ಕನ ಹೆಸರು, ಕೆಳಗೆ ಲಂಡನ್ ಎಂದು ಬರೆದಿತ್ತು. ನಮ್ಮೂರ ದೇವಸ್ಥಾನಗಳಲ್ಲಿ ದಾನಿಗಳ ಹೆಸರಿನ ಸಂದಿಯಿಂದ ಬೆಳಕು ಇಣುಕುವ ಟ್ಯೂಬ್‌ಲೈಟಿನಡಿ ಬೆಳೆದವರು ನಾವು. ಭಾವ ಅದನ್ನೇ ಇಲ್ಲಿಗೂ ತಂದಿದ್ದರು.

"ಊರಿಗೆ ಏನ್ ಕಡ್ಮೆ ಮಾಡ್ಲಿಲ್ಲ ನಾನ್, ಕಾಣ್" ಎಂದರು ಭಾವ.

ವಾಯನ್‌ನ ಮನೆಯ ಬಾಗಿಲಲ್ಲಿ ಹೂವಿರಲಿಲ್ಲ. ಒಳಗೆ ಅಂಗಳದ ಸುತ್ತ ಬೇರೆಬೇರೆ ಚಾವಡಿಗಳು, ಈಶಾನ್ಯದಲ್ಲಿ ಮನೆದೇವರ ಗುಡಿಗಳು, ರಸ್ತೆಯ ಕಡೆ ಸಾಲಾಗಿ ಭಾವನ ನಾಲ್ಕು ಕೋಣೆಗಳು. ನಡುವಿನ ಚಾವಡಿಯಲ್ಲಿ ಬಿಳಿ ಬಟ್ಟೆ ಹೊದಿಸಿದ ಶವ ಇತ್ತು. ಕೆಳಗೆ ಗೋಣಿಯಲ್ಲಿ ಮಂಜುಗಡ್ಡೆ ಕರಗಿ ನೀರು ಅಂಗಳಕ್ಕೆ ಹರಿದಿತ್ತು. ಧೂಪದ ಹೊಗೆ, ಹೆಣ ಕೆಡದಂತೆ ಹಾಕಿದ ಮದ್ದಿನ ವಾಸನೆ. ವಾಯನ್‌ನ ತಂದೆ ಸತ್ತು ಒಂದು ವಾರ ಕಳೆದಿತ್ತು.

ವಾಯನ್ ಎದ್ದು ಬಂದು ಭಾವನ ಕೈ ಹಿಡಿದ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಕಣ್ಣು ಗುಳಿಬಿದ್ದಿತ್ತು. "ಬಾಸ್, ಅಪ್ಪನನ್ನು ಮಣ್ಣು ಮಾಡಲು ಊರು ಬಿಡುತ್ತಿಲ್ಲ" ಎಂದ.

ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಅವನ ಮನೆ ನಿಂತ ಜಾಗ ಅವನದಲ್ಲ, ಊರಿನದು. ತಲೆತಲಾಂತರದಿಂದ ಅಲ್ಲೇ ಇರಬಹುದು, ಆದರೆ ಮಾರುವ ಹಾಗಿಲ್ಲ. ಬಾಡಿಗೆ ಕೊಡುವುದು ದುಡ್ಡಿನಲ್ಲಿ ಅಲ್ಲ, ದುಡಿಮೆಯಲ್ಲಿ. ಮರದ ದಿಮ್ಮಿ ಬಡಿದಾಗ ಆ ಮನೆಯಿಂದ ಒಬ್ಬ ಹೋಗಲೇಬೇಕು. ಗುಡಿ ದುರಸ್ತಿ, ನೀರಿನ ಕಾಲುವೆ, ಕಾವಲು, ಎಲ್ಲಕ್ಕಿಂತ ಮುಖ್ಯವಾಗಿ ಸತ್ತವರನ್ನು ಹೊರುವುದು. ತಪ್ಪಿದರೆ ದಂಡ. ತಪ್ಪುತ್ತಲೇ ಹೋದರೆ ಊರು ಆ ಮನೆಯೊಂದಿಗೆ ಮಾತು ಬಿಡುತ್ತದೆ. ಆ ಮನೆಯ ಹೆಣಕ್ಕೆ ಊರಿನ ಸ್ಮಶಾನ ಇಲ್ಲ.

"ಇದೆಲ್ಲ ಮೊದಲೇ ಹೇಳಿದ್ದೆ, ಬಾಸ್" ಎಂದ ವಾಯನ್. "ನೀವು ಗೆಸ್ಟ್ ಫಸ್ಟ್ ಅಂದಿರಿ. ದಂಡ ಕಟ್ಟು, ನಾನು ಕಳಿಸುತ್ತೇನೆ ಅಂದಿರಿ. ಪ್ರತಿ ಸಲ ಕಳಿಸಿದಿರಿ ಕೂಡ."

"ಮತ್ತೆಂತ?" ಭಾವ ನನ್ನ ಕಡೆ ತಿರುಗಿದರು. "ಕೊಟ್ಟಿದ್ದೆ ಅಲ್ದಾ? ನಾಳೆ ಹೋಗಿ ಇನ್ನೂ ಸ್ವಲ್ಪ ಕೊಟ್ರೆ ಮುಗೀತ್."

ಮರುದಿನ ಬೆಳಿಗ್ಗೆ ವಾಯನ್‌ನ ಜೊತೆ ಸಭೆಯ ಚಾವಡಿಗೆ ಹೋದೆವು. ಊರಿನ ಮುಖ್ಯಸ್ಥನನ್ನು ಎಲ್ಲರೂ ಪಾಕ್ ನ್ಯೋಮಾನ್ ಎನ್ನುತ್ತಿದ್ದರು. ಪಾಕ್ ಎಂದರೆ ನಾವು ಹಿರಿಯರಿಗೆ ಅಯ್ಯ ಎನ್ನುವ ಹಾಗೆ. ಬಾಂಬಿನವರೆಗೆ ಕಡಲತೀರದ ಹೋಟೆಲಿನಲ್ಲಿ ಕಾರು ಓಡಿಸುತ್ತಿದ್ದವನು, ಇಂಗ್ಲಿಷ್ ಚೆನ್ನಾಗಿತ್ತು. ಅವನಂತೆ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಗಂಡಸರು ಸುತ್ತ ಕೂತಿದ್ದರು. ಭಾವ ಲಕೋಟೆ ಮುಂದಿಟ್ಟರು. ಅವನು ಅದನ್ನು ಮುಟ್ಟಲಿಲ್ಲ.

"ನನ್ನ ಹೆಂಡತಿ ಸತ್ತಾಗ ವಾಯನ್ ದುಡ್ಡು ಕಳಿಸಿದ" ಎಂದ. ಪಕ್ಕದಲ್ಲಿ ಕೂತವನತ್ತ ಕೈ ತೋರಿಸಿದ. "ಇವನ ತಮ್ಮನ ಮಗು ಸತ್ತಾಗಲೂ ದುಡ್ಡು. ಅವತ್ತು ಜರ್ಮನಿಯವರಿಗೆ ಬೆಟ್ಟ ತೋರಿಸಲು ಹೋಗಿದ್ದ. ಬಿಟ್ಟಿ ಜಲ್ಲಿ ಹೊರುವ ನೀವು ಪೆದ್ದರು ಅಂತ ಅಂಗಡಿಯಲ್ಲಿ ಕೂತು ನಗುತ್ತಿದ್ದ. ಕೇಳಿ ಅವನನ್ನೇ."

ವಾಯನ್ ತಲೆ ಎತ್ತಲಿಲ್ಲ. ಅವನು ಹಾಗೆ ಹೇಳಿದ್ದು ನಿಜವೆಂದು ಅವನ ಕುತ್ತಿಗೆಯೇ ಹೇಳುತ್ತಿತ್ತು.

ನನಗೆ ಸಿಟ್ಟು ಬಂತು. ನನ್ನಮ್ಮನ ಕೈಯ ಪೊರಕೆ ನೆನಪಾಯಿತು. "ಇರುವ ಜಾಗಕ್ಕೆ ಪ್ರತಿಯಾಗಿ ಬಿಟ್ಟಿ ಚಾಕರಿ ಮಾಡಿಸುವುದು ನನಗೂ ಗೊತ್ತು" ಎಂದೆ. "ನನ್ನ ತಾಯಿ ಮಾಡಿದ್ದಾಳೆ. ಅದನ್ನು ನೀವು ಧರ್ಮ ಅಂತ ಕರೆಯಬೇಡಿ. ಹೆಣವನ್ನು ಒತ್ತೆ ಇಟ್ಟುಕೊಂಡು ಬದುಕಿರುವವನನ್ನು ಬಗ್ಗಿಸುತ್ತಿದ್ದೀರಿ."

ಪಾಕ್ ನ್ಯೋಮಾನ್ ನನ್ನ ಕಡೆ ತಿರುಗಿದ. "ನಿಮ್ಮ ತಾಯಿ ಸತ್ತಾಗ ಆ ಧಣಿ ಬಂದು ಹೊತ್ತನಾ?" ಎಂದು ಕೇಳಿದ.

"ಇಲ್ಲ."

"ಹಾಗಾದರೆ ಅದು ಬೇರೆ. ಇಲ್ಲಿ ನಾನೂ ಹೊರುತ್ತೇನೆ. ಎಲ್ಲರೂ ದುಡ್ಡು ಕಳಿಸಿದರೆ ಚಟ್ಟದ ನಾಲ್ಕು ಮೂಲೆಗೆ ಯಾರು, ಮೇಡಂ? ನಿಮ್ಮ ಭಾವ ದೀಪ ಕೊಟ್ಟರು. ದೀಪದಡಿ ಕೂತು ಮಾತಾಡಿದ್ದೇವೆ. ದೀಪ ಹೆಣ ಹೊರುವುದಿಲ್ಲ."

ಸುತ್ತಲಿದ್ದವರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಒಂದು ವಾರದಿಂದ ಮಂಜುಗಡ್ಡೆಯ ಮೇಲೆ ಮಲಗಿದ್ದ ಮುದುಕ ಯಾರಿಗೂ ಏನೂ ಮಾಡಿರಲಿಲ್ಲ. ಅವನು ಕೈಲಾಗುವವರೆಗೆ ಪ್ರತಿ ಕರೆಗೂ ಬಂದಿದ್ದನೆಂದು ಅವರೇ ಒಪ್ಪಿದರು. ಮಗನ ತಪ್ಪಿನ ಲೆಕ್ಕವನ್ನು ಅವನ ಹೆಣಕ್ಕೆ ಹಚ್ಚಿದ್ದರು, ನನಗೆ ಇವತ್ತಿಗೂ ಅದು ನ್ಯಾಯ ಅನ್ನಿಸಿಲ್ಲ. ಕಡಲತೀರದ ಹೋಟೆಲಿನ ಸಂಬಳ ನಿಂತಿರದಿದ್ದರೆ ಇವರಲ್ಲಿ ಎಷ್ಟು ಜನ ಕರೆಗೆ ಓಡಿ ಬರುತ್ತಿದ್ದರು ಎಂದು ಕೇಳಬೇಕೆನಿಸಿತು. 

ಊರು ತನ್ನ ಮಾತು ಹೇಳಿತು. ವಾಯನ್ ಸಭೆಯ ಮುಂದೆ ಕ್ಷಮೆ ಕೇಳಬೇಕು. ಕೋಣೆಗಳು ಇರುವವರೆಗೆ ಅವನು ಮತ್ತೆ ಪ್ರವಾಸಿಗಳ ಹಿಂದೆಯೇ ಹೋಗುತ್ತಾನೆ, ಆದ್ದರಿಂದ ನಾಲ್ಕನ್ನೂ ಕೆಡವಬೇಕು. ನಾಳೆ ಕೋರ್ಟು ಕಚೇರಿ ಎಂದು ಲಂಡನ್ನಿಂದ ತಕರಾರು ಬರಬಾರದು, ಆದ್ದರಿಂದ ಭಾವ ತಾನು ಲೀಸು ಬಿಟ್ಟೆ ಎಂದು ಅಲ್ಲಿಯೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮರುದಿನವೇ ಮುದುಕನಿಗೆ ಮಣ್ಣು.

"ಹೆಂಗೆ ಬಿಡ್ಕ್?" ಭಾವ ಕನ್ನಡದಲ್ಲಿ ಗುಡುಗಿದರು. "ಇನ್ನೂ ಹನ್ನೆರಡು ಹದಿಮೂರು ವರ್ಷ ಇತ್. ಸುಮತಿ, ಹೇಳ್ ಇವ್ರಿಗೆ. ಕಾನೂನು ಹೇಳ್."

"ಭಾವ, ಜಾಗ ವಾಯನ್‌ದ್ದೇ ಅಲ್ಲ. ಅವನಿಗೆ ಇಲ್ಲದ್ದನ್ನ ಅವ ನಿಮ್ಗೆ ಹೆಂಗೆ ಲೀಸಿಗೆ ಕೊಡುಕ್ ಆತ್ತ್? ಕಾನೂನು ಅಂದ್ರೂ ಅಷ್ಟೇ."

"ಓದ್ಸಿದ್ದಕ್ಕೆ ಇದಾ?"

"ನನ್ನ ನೀವ್ ಓದ್ಸಲಿಲ್ಲ, ಭಾವ."

ಅವರು ಎದ್ದು ಮನೆಗೆ ನಡೆದರು. ನಾವು ಹಿಂದೆ ಹೋದೆವು. ಮಧ್ಯಾಹ್ನವಿಡೀ ಭಾವ ಕೋಣೆಗಳ ಮುಂದಿನ ಜಗಲಿಯಲ್ಲಿ ಕೂತು ಚೌಕಾಸಿ ನಡೆಸಿದರು. ಎರಡು ಕೋಣೆ ಕೆಡವಲಿ, ಎರಡು ಇರಲಿ. ಇಲ್ಲ, ಒಂದಾದರೂ ಇರಲಿ, ತಾನು ಬಂದಾಗ ಉಳಿಯಲು. ವಾಯನ್ ಆ ಮಾತನ್ನು ಹೊತ್ತು ಸಭೆಗೆ ಹೋಗುವುದು, ಬರಿಗೈಯಲ್ಲಿ ಮರಳುವುದು. ಅವನ ಹೆಂಡತಿ ಹೊಸ ಮಂಜುಗಡ್ಡೆ ತಂದು ಮಾವನ ಕೆಳಗೆ ಇಟ್ಟಳು. ಅದನ್ನು ಪಕ್ಕದೂರಿನಿಂದ ತರಬೇಕಿತ್ತು. ಈ ಊರಿನ ಅಂಗಡಿಯವನು ಅವಳಿಗೆ ಬೆಂಕಿಪೊಟ್ಟಣವನ್ನೂ ಮಾರುತ್ತಿರಲಿಲ್ಲ.

ಕೊನೆಗೆ ವಾಯನ್ ಭಾವನ ಎದುರು ನೆಲದ ಮೇಲೆ ಕೂತ. "ಬಾಸ್, ನಾನು ನಿಮ್ಮ ಹತ್ತಿರ ಯಾವತ್ತೂ ಏನೂ ಬೇಡಿಲ್ಲ. ಒಂದು ಮಾತು ಹೇಳಿ ಸಾಕು."

"ಯೋಚಿಸಬೇಕು" ಎಂದರು ಭಾವ.

ಶಾಂತಕ್ಕ ಅಷ್ಟು ಹೊತ್ತೂ ವಾಯನ್‌ನ ಹೆಂಡತಿಯ ಪಕ್ಕ ಕೂತು ತೆಂಗಿನ ಗರಿ ಸೀಳಿಕೊಡುತ್ತಿದ್ದರು. ಭಾಷೆ ಇರಲಿಲ್ಲ, ಕೈ ನಡೆಯುತ್ತಿತ್ತು. ಈಗ ಎದ್ದು ಬಟ್ಟೆ ಕೊಡವಿಕೊಂಡು ಮೊದಲನೆಯ ಕೋಣೆಗೆ ಹೋದರು. ಕುರ್ಚಿ ಎಳೆದ ಸದ್ದು ಕೇಳಿತು. ಕೆಂಟನ್‌ನಲ್ಲಿ ಹೋಟೆಲಿನ ಕೆಲಸ ಮುಗಿದ ಮೇಲೆ ಅವರೇ ಹೊಲಿದು ಕಳಿಸಿದ್ದ ಹಳದಿ ಪರದೆಗಳನ್ನು ಕುರ್ಚಿ ಹತ್ತಿ ಬಿಚ್ಚುತ್ತಿದ್ದರು. ಒಂದು ಕೋಣೆ ಮುಗಿಸಿ ಇನ್ನೊಂದಕ್ಕೆ ಹೋದರು. ಹಾಸಿಗೆಯ ಚಾದರ, ದಿಂಬಿನ ಚೀಲ ಎಲ್ಲ ಎಳೆದು ಅಂಗಳದಲ್ಲಿ ರಾಶಿ ಹಾಕಿದರು.

"ಎಂತ ಮಾಡ್ತಿದ್ದೆ ನೀನು?" ಎಂದು ಕೇಳಿದರು ಭಾವ.

"ಕಾಂತಿಲ್ಯಾ? ಮನೆ ಖಾಲಿ ಮಾಡ್ತಿದ್ದೆ. ನಿಮ್ದ್ ಯೋಚ್ನೆ ಮುಗೂವರೆಗೆ ಆ ಅಜ್ಜ ಕರಗಿ ಹೋತ್ರ್." ಅಕ್ಕ ಮೂರನೆಯ ಕೋಣೆಗೆ ನಡೆದರು. "ಇದ್ರಲ್ಲಿ ಅರ್ಧ ದುಡ್ಡು ನಾನ್ ರುಬ್ಬಿದ್ದ್. ನನ್ನ ಅರ್ಧ ನಾನ್ ಬಿಟ್ಟೆ. ನಿಮ್ದ್ ಅರ್ಧ ಇಟ್ಕಂಡ್ ಕೂಕಣಿ."

ಅಕ್ಕ ನಾಲ್ಕನೆಯ ಕೋಣೆಯನ್ನೂ ಮುಗಿಸುವಷ್ಟರಲ್ಲಿ ಭಾವ ಜಗಲಿಯಿಂದ ಎದ್ದರು. ಆಮೇಲೆ ಚಪ್ಪಲಿ ಮೆಟ್ಟಿ ಸಭೆಯ ಚಾವಡಿಗೆ ಹೋಗಿ, ಕೂರದೆ, ನಿಂತಲ್ಲೇ ಹೇಳಿದರು: "ಬಿಟ್ಟೆ. ಒಡೀರಿ." ಮೊದಲು ಕನ್ನಡದಲ್ಲಿ ಹೇಳಿಬಿಟ್ಟರು. ನಾನು ಇಂಗ್ಲಿಷಿನಲ್ಲಿ ಮತ್ತೆ ಹೇಳಿದೆ. ವಾಯನ್ ಮಂಡಿಯೂರಿ ಎಲ್ಲರಿಗೂ ಕೈಮುಗಿದ. ಅವನ ಭುಜ ಮುಟ್ಟಿ ಎಬ್ಬಿಸಲು ಯಾರೂ ಬರಲಿಲ್ಲ. ತಾನೇ ಎದ್ದ.

ಮರುದಿನ ಬೆಳಿಗ್ಗೆ ಮರದ ದಿಮ್ಮಿಯ ಸದ್ದು ಕೇಳಿತು. ಒಣ ಸದ್ದು, ಎದೆಗೆ ಬಡಿಯುವಂಥದ್ದು. ಸ್ವಲ್ಪ ಹೊತ್ತಿನಲ್ಲಿ ಇಡೀ ಊರು ವಾಯನ್‌ನ ಅಂಗಳದಲ್ಲಿತ್ತು. ಹೆಂಗಸರು ತಲೆಯ ಮೇಲೆ ಅಕ್ಕಿ, ಹಣ್ಣು ಹೊತ್ತು ಬಂದು ಸೀದಾ ಅಡುಗೆ ಚಾವಡಿಗೆ ಹೋದರು. ಗಂಡಸರಲ್ಲಿ ಕೆಲವರು ಬಿದಿರು ಸೀಳಿ ಚಟ್ಟ ಕಟ್ಟತೊಡಗಿದರು, ಕೆಲವರು ಹಾರೆ ಹಿಡಿದು ಕೋಣೆಗಳ ಮಾಡಿನ ಮೇಲೆ ಹತ್ತಿದರು. ಎರಡೂ ಕೆಲಸ ಒಟ್ಟಿಗೇ ನಡೆಯಿತು, ಒಂದೇ ನಗು, ಒಂದೇ ಸಿಗರೇಟು ಹಂಚಿಕೆ. ಹಂಚುಗಳನ್ನು ಒಂದೂ ಒಡೆಯದೆ ಕೈಯಿಂದ ಕೈಗೆ ದಾಟಿಸಿ ಗೋಡೆಬದಿ ಪೇರಿಸಿದರು. ಹಂಚಿನ ಕೆಲಸ ಕಂಡು ಬೆಳೆದವಳು ನಾನು, ಅಷ್ಟು ಜೋಪಾನವಾಗಿ ಯಾರೂ ಕೆಡವಿದ್ದನ್ನು ನೋಡಿಲ್ಲ. ಭಾವನ ಗೋಡೆಗಳನ್ನು ಮಾತ್ರ ಹಾಗೆ ನೋಡಲಿಲ್ಲ. ಸುತ್ತಿಗೆಯಿಂದ ಹೊಡೆದರು.

ವಾರಗಟ್ಟಲೆ ಅವಳೊಡನೆ ಮಾತಾಡದಿದ್ದ ಹೆಂಗಸರ ನಡುವೆ ವಾಯನ್‌ನ ಹೆಂಡತಿ ತೆಂಗು ತುರಿಯುತ್ತಿದ್ದಳು. ಒಬ್ಬಳು ಏನೋ ಹೇಳಿದಳು, ಎಲ್ಲರೂ ನಕ್ಕರು, ಅವಳೂ ನಕ್ಕಳು. ಹೇಗೆ ನಕ್ಕಳೋ.

ಪಾಕ್ ನ್ಯೋಮಾನ್ ನಮ್ಮ ಬಳಿ ಬಂದ. ಹೊರಗಿನವರು ಶವದ ಜೊತೆ ಬರುವುದು ಬೇಡ, ಮಧ್ಯಾಹ್ನದೊಳಗೆ ಹೊರಟರೆ ಒಳ್ಳೆಯದು, ನಮ್ಮ ಸುರಕ್ಷತೆ ಊರಿನ ಹೊಣೆ, ಕಾವಲಿನವರು ರಸ್ತೆಯವರೆಗೆ ಬರುತ್ತಾರೆ ಎಂದ. ತುಂಬ ಮರ್ಯಾದೆಯ ಮಾತು, ಹೋಟೆಲಿನ ಬಾಗಿಲಲ್ಲಿ ನಿಂತವರು ಹೇಳುವಂಥದ್ದು.

ಅಕ್ಕ ಪರದೆ, ಚಾದರಗಳನ್ನೆಲ್ಲ ಮಡಚಿ ವಾಯನ್‌ನ ಹೆಂಡತಿಗೆ ಕೊಟ್ಟರು. ಅವಳು ತೆಗೆದುಕೊಂಡು ಪಕ್ಕಕ್ಕಿಟ್ಟಳು. ಭಾವ ವಾಯನ್‌ನನ್ನು ಹುಡುಕಿದರು. ಅವನು ಚಟ್ಟ ಕಟ್ಟುವವರ ಮಧ್ಯೆ ಇದ್ದ, ಕರೆದರೂ ತಿರುಗಲಿಲ್ಲ.

ಕಾರು ಊರಿನ ನಾಲ್ಕು ದಾರಿ ಸೇರುವಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಹಿಂದಿನಿಂದ ಶವದ ಮೆರವಣಿಗೆ ಬಂತು. ಚಾಲಕ ಇಂಜಿನ್ ಆರಿಸಿ ಇಳಿದು ರಸ್ತೆಬದಿ ನಿಂತ.

"ನಮ್ಗೆ ಹೊತ್ತಾತ್" ಎಂದರು ಭಾವ.

"ಸುಮ್ನಿರಿ" ಎಂದರು ಅಕ್ಕ.

ದಾರಿಗಳು ಕೂಡುವಲ್ಲಿ ಅವರು ನಿಂತರು. ಅಲ್ಲಿ ಚಟ್ಟವನ್ನು ಹೆಗಲ ಮೇಲೆಯೇ ಗರಗರನೆ ಸುತ್ತಿಸುತ್ತಾರೆ. ಸತ್ತವನಿಗೆ ಮನೆಯ ದಾರಿ ಮರೆತುಹೋಗಬೇಕು, ಮತ್ತೆ ಹುಡುಕಿಕೊಂಡು ಬರಬಾರದು. ಇಪ್ಪತ್ತು ಮೂವತ್ತು ಗಂಡಸರು ಕೂಗುತ್ತಾ, ಧೂಳೆಬ್ಬಿಸುತ್ತಾ ಸುತ್ತಿದರು. ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದವನು ವಾಯನ್. ಪಾಕ್ ನ್ಯೋಮಾನ್ ಅವನ ಪಕ್ಕದ ಮೂಲೆಯಲ್ಲಿದ್ದ. ವಾಯನ್‌ನ ಕೂದಲಲ್ಲಿ ಗೋಡೆಯ ಸುಣ್ಣದ ಪುಡಿ ಇನ್ನೂ ಇತ್ತು.

ಮೂರು ಸುತ್ತು ಸುತ್ತಿದರು. ಮೂರು ಸಲವೂ ವಾಯನ್‌ನ ಮುಖ ನಮ್ಮ ಕಾರಿನ ಗಾಜಿನ ಎದುರಿಗೇ ಬಂತು, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಭಾವ ಗಾಜು ಇಳಿಸಿ ಕೈ ಎತ್ತಿದರು. ಮೂರು ಸಲವೂ ಅವನು ಅಲ್ಲಿ ಕಾರು ಇಲ್ಲವೇ ಇಲ್ಲವೆಂಬಂತೆ ದಾಟಿಹೋದ.